ಎರಡು ಕಂಪ್ಯೂಟರ್, ಒಂದು ಹಸ್ತಪ್ರತಿ

ಪ್ರಿಯ ಗೆಳೆಯ,

ನೀನು ಕಳಿಸಿದ ಕಾದಂಬರಿಯ ಕರಡು ಓದಿದೆ. ಭಾಷೆ, ಪಾತ್ರಗಳ ಮಾತು ಇನ್ನೊಂದು ಪತ್ರಕ್ಕಿರಲಿ. ಎಂಟನೆಯ ಅಧ್ಯಾಯದಲ್ಲಿ ತೀರಿಕೊಂಡ ಅಜ್ಜಿ ಒಂಬತ್ತನೆಯದರಲ್ಲಿ ಕನ್ನಡಕ ಹುಡುಕುತ್ತಿದ್ದಾಳೆ. ಇದೇನೋ ಹೊಸ ತಂತ್ರವಿರಬೇಕೆಂದು ಮೊದಲು ಗೌರವದಿಂದಲೇ ಓದಿದೆ. ಆಮೇಲೆ ಕಡತದ ಹೆಸರು ಕಣ್ಣಿಗೆ ಬಿತ್ತು: ‘ಕಾದಂಬರಿ ಅಂತಿಮ ಹೊಸದು 2’. ಅಜ್ಜಿಗೆ ಮರುಜೀವ ಕೊಟ್ಟದ್ದು ನಿನ್ನ ಮೇಜಿನ ಕಂಪ್ಯೂಟರಿಗೂ ಲ್ಯಾಪ್‌ಟಾಪಿಗೂ ನಡುವೆ ಓಡಾಡುತ್ತಿರುವ ಪೆನ್‌ಡ್ರೈವ್ ಎಂದು ಆಗ ತಿಳಿಯಿತು.

ಎರಡು ಕಡೆ ಕುಳಿತು ಬರೆಯುವುದರಲ್ಲಿ ತಪ್ಪೇನಿಲ್ಲ. ಆದರೆ ‘ಮೂಲಪ್ರತಿ ಯಾವುದು?’ ಎಂದು ಯಾರಾದರೂ ನಡುರಾತ್ರಿ ಎಬ್ಬಿಸಿ ಕೇಳಿದರೂ ನಿನ್ನ ಬಳಿ ಒಂದೇ ಉತ್ತರ ಇರಬೇಕು. ಕಡತ, ಇಮೇಲ್, ವಿಳಾಸಪಟ್ಟಿ, ಮೂರಕ್ಕೂ ಈ ಮಾತು ಅನ್ವಯಿಸುತ್ತದೆ. ತಂತ್ರಾಂಶ ಯಾವುದಾದರೂ ಇರಲಿ, ಇದನ್ನು ತೀರ್ಮಾನಿಸದವನಿಗೆ ಅದು ನೆರವಾಗದು.

ಪೆನ್‌ಡ್ರೈವಿನ ತೊಂದರೆ ನೋಡು. ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ಎರಡನೆಯ ಪುಟ ತಿದ್ದಿದೆ. ಸಂಜೆ ಮೇಜಿನ ಕಂಪ್ಯೂಟರಿನಲ್ಲಿ ಹತ್ತನೆಯ ಪುಟ ತಿದ್ದಿದೆ. ನಕಲಿಸುವಾಗ ಹಳೆಯದನ್ನು ಬದಲಿಸಲೇ ಎಂದು ಯಂತ್ರ ಕೇಳುತ್ತದೆ. ಸಂಜೆಯ ಕಡತದ ದಿನಾಂಕ ಹೊಸದು, ನೀನು ಹೂಂ ಎನ್ನುತ್ತೀಯ. ಬೆಳಗಿನ ಕೆಲಸ ಅಲ್ಲಿಗೆ ಮುಗಿಯಿತು. ಎರಡೂ ಹೊಸವೇ ಎಂಬುದು ದಿನಾಂಕಕ್ಕೆ ಗೊತ್ತಿಲ್ಲ. ಹಳೆಯ ಕಂಪ್ಯೂಟರಿನೊಳಗಿನ ಪುಟ್ಟ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಬಿದ್ದಿದ್ದರಂತೂ ಹೊಸದೇ ಹಳೆಯದಾಗಿ ಕಾಣುತ್ತದೆ.

ಎರಡು ಯಂತ್ರಗಳ ಕಡತಗಳನ್ನು ತಾನೇ ಹೊಂದಿಸಿ ಒಂದೇ ಆಗಿರಿಸುವ ಸಿಂಕ್ ತಂತ್ರಾಂಶ ಇದಕ್ಕಿಂತ ಜಾಣ. ಹಿಂದಿನ ಸಲ ಎರಡೂ ಕಡೆ ಒಂದೇ ಆಗಿದ್ದಾಗ ಕಡತ ಹೇಗಿತ್ತು ಎಂಬುದನ್ನು ಅದು ಬರೆದಿಟ್ಟುಕೊಂಡಿರುತ್ತದೆ. ಒಂದೇ ಕಡೆ ಬದಲಾಗಿದ್ದರೆ ಇನ್ನೊಂದು ಕಡೆಗೂ ಒಯ್ಯುತ್ತದೆ. ಎರಡೂ ಕಡೆ ಬದಲಾಗಿದ್ದರೆ ತೀರ್ಪು ಕೊಡುವ ಧೈರ್ಯ ಮಾಡದೆ ಎರಡನ್ನೂ ಉಳಿಸುತ್ತದೆ. ಡ್ರಾಪ್‌ಬಾಕ್ಸ್ ಆದರೆ ಹೆಸರಿಗೆ ‘ಕಾನ್‌ಫ್ಲಿಕ್ಟೆಡ್ ಕಾಪಿ’ ಎಂದು ಸೇರಿಸುತ್ತದೆ, ಸಿಂಕ್‌ಥಿಂಗ್ ‘ಸಿಂಕ್-ಕಾನ್‌ಫ್ಲಿಕ್ಟ್’ ಎನ್ನುತ್ತದೆ. ಅಂಥ ಕಡತ ಕಂಡಾಗ ಕಸವೆಂದು ಅಳಿಸಿಬಿಡಬೇಡ. ವರ್ಡ್‌ನಲ್ಲಿಯೂ ಲಿಬ್ರೆಆಫೀಸ್‌ನಲ್ಲಿಯೂ ಎರಡು ಕಡತಗಳನ್ನು ಹೋಲಿಸಿ ತೋರಿಸುವ ಸೌಲಭ್ಯವಿದೆ. ಅದನ್ನು ಬಳಸಿ ಸಾಲು ಸಾಲಾಗಿ ಆರಿಸಿಕೊ. ಬೇಸರದ ಕೆಲಸ ನಿಜ. ಕಳೆದುಹೋದ ವಾಕ್ಯವನ್ನು ನೆನಪಿನಿಂದ ಮತ್ತೆ ಕಟ್ಟುವುದು ಇನ್ನೂ ಬೇಸರದ್ದು.

ಯಾವುದನ್ನು ಆರಿಸಲಿ ಎಂದು ಕೇಳುತ್ತೀಯ. ಡ್ರಾಪ್‌ಬಾಕ್ಸ್, ಒನ್‌ಡ್ರೈವ್, ಗೂಗಲ್ ಡ್ರೈವ್‌ಗಳು ನಿನ್ನ ಬರಹವನ್ನು ತಮ್ಮ ಸರ್ವರ್‌ನಲ್ಲಿ, ಅಂದರೆ ಅಂತರ್ಜಾಲದಲ್ಲಿರುವ ತಮ್ಮ ಕಂಪ್ಯೂಟರಿನಲ್ಲಿ, ಇಟ್ಟು ಅಲ್ಲಿಂದ ಎರಡೂ ಯಂತ್ರಗಳಿಗೆ ಹಂಚುತ್ತವೆ. ಉಚಿತವಾಗಿ ಸಿಗುವ ಸಿಂಕ್‌ಥಿಂಗ್ ನಡುವೆ ಯಾರ ಬಳಿಯೂ ಪ್ರತಿ ಇಡದೆ ಯಂತ್ರದಿಂದ ಯಂತ್ರಕ್ಕೆ ಕಳಿಸುತ್ತದೆ, ಆದರೆ ಎರಡೂ ಒಂದೇ ಹೊತ್ತಿನಲ್ಲಿ ಚಾಲೂ ಇರಬೇಕು. ಒಂದು ಯಂತ್ರ ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯುವ ನಿನಗೆ ಮೊದಲ ಬಗೆಯೇ ಸರಿ. ಒಂದನ್ನೇ ಆರಿಸು. ಒಂದೇ ಫೋಲ್ಡರಿಗೆ ಎರಡು ಸೇವೆಗಳನ್ನು ಕಟ್ಟಿದರೆ ಅವು ಪರಸ್ಪರ ಜಗಳ ಹಚ್ಚಿಕೊಳ್ಳುತ್ತವೆ.

ಅಭ್ಯಾಸ ಇಷ್ಟೇ: ಬರೆದು ಮುಗಿದ ಮೇಲೆ ಕಡತವನ್ನು ಉಳಿಸಿ ಮುಚ್ಚು, ಸಿಂಕ್ ಮುಗಿದ ಗುರುತು ಮೂಡಿದ ಮೇಲೆ ಯಂತ್ರವನ್ನು ಮಲಗಿಸು. ಇನ್ನೊಂದರಲ್ಲಿ ತೆರೆಯುವ ಮುನ್ನವೂ ಆ ಗುರುತು ಬರುವವರೆಗೆ ಕಾಯಿ. ಒನ್‌ಡ್ರೈವ್‌ನಲ್ಲಿ ಕಡತದ ಪಕ್ಕ ಬರೀ ಮೋಡದ ಚಿತ್ರವಿದ್ದರೆ ಅದು ನಿನ್ನ ಯಂತ್ರಕ್ಕೆ ಇಳಿದಿಲ್ಲ ಎಂದರ್ಥ. ಹೆಸರು ಕಾಣುತ್ತದೆ, ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ತೆರೆಯುವುದಿಲ್ಲ. ಪ್ರಯಾಣಕ್ಕೆ ಹೊರಡುವ ಮುನ್ನ ಹಸ್ತಪ್ರತಿಯ ಫೋಲ್ಡರನ್ನು ಸದಾ ಈ ಯಂತ್ರದಲ್ಲೇ ಇರಿಸುವಂತೆ ಹೊಂದಿಸಿಕೊ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕಿರಿಕಿರಿ ಇದೆ. ಯೂನಿಕೋಡ್ (ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟಿನಲ್ಲಿ ಬರೆದ ಕಥೆ ಎರಡನೆಯ ಯಂತ್ರಕ್ಕೆ ಚಾಚೂತಪ್ಪದೆ ಬಂದಿರುತ್ತದೆ, ತೆರೆದರೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕಡತದ ಜೊತೆ ಫಾಂಟ್ ಬಂದಿಲ್ಲ, ಅಷ್ಟೇ. ಅವನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿಟ್ಟುಕೊ.

ಸಂಪಾದಕರಿಗೆ ಕಳಿಸಿದ ಉತ್ತರ ಲ್ಯಾಪ್‌ಟಾಪಿನಲ್ಲಿ ಕಾಣುತ್ತಿಲ್ಲ ಎಂದು ಬರೆದಿದ್ದೀಯಲ್ಲ, ನಿನ್ನ ಇಮೇಲ್ ಖಾತೆ ಪಿಒಪಿ ವಿಧಾನದಲ್ಲಿ ಇರಬೇಕು. 1984ರಲ್ಲಿ ಮೊದಲ ರೂಪ ಪಡೆದ ಆ ವಿಧಾನ ಪತ್ರವನ್ನು ಸರ್ವರ್‌ನಿಂದ ಇಳಿಸಿಕೊಂಡು ಅಲ್ಲಿಂದ ಅಳಿಸುವ ಲೆಕ್ಕಾಚಾರದ್ದು. ಸರ್ವರ್‌ನಲ್ಲೂ ಪ್ರತಿ ಉಳಿಯಲಿ ಎಂದು ಹೊಂದಿಸಬಹುದು. ಆಗಲೂ ನೀನು ಕಳಿಸಿದ ಪತ್ರ ಕಳಿಸಿದ ಯಂತ್ರದಲ್ಲೇ ಉಳಿಯುತ್ತದೆ. ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ ಐಮ್ಯಾಪ್‌ನಲ್ಲಿ ಮೂಲಪ್ರತಿ ಸರ್ವರ್‌ನಲ್ಲೇ ಇರುತ್ತದೆ. ಓದಿದ ಗುರುತು, ಫೋಲ್ಡರುಗಳು, ಕಳಿಸಿದ ಪತ್ರಗಳು ಎಲ್ಲ ಕಡೆಯೂ ಒಂದೇ. ಎರಡೂ ಯಂತ್ರಗಳಲ್ಲಿ ಖಾತೆಯನ್ನು ಐಮ್ಯಾಪ್ ಆಗಿ ಹೊಸದಾಗಿ ಸೇರಿಸು, ಹಳೆಯ ಪತ್ರಗಳನ್ನು ಅದರ ಫೋಲ್ಡರುಗಳಿಗೆ ಎಳೆದು ಹಾಕು. ಅವೆಲ್ಲ ಬಂದಿವೆ ಎಂದು ಖಾತ್ರಿಯಾಗುವ ತನಕ ಹಳೆಯ ಖಾತೆಯನ್ನು ತೆಗೆಯಬೇಡ. ಇಮೇಲ್ ತಂತ್ರಾಂಶದ ಕಡತಗಳನ್ನೇ, ಅಂದರೆ ಔಟ್‌ಲುಕ್‌ನ ಪಿಎಸ್‌ಟಿಯಂಥವನ್ನು, ಸಿಂಕ್ ಫೋಲ್ಡರಿಗೆ ಹಾಕುವ ಜಾಣತನ ಬೇಡ. ತೆರೆದಿರುವಾಗಲೇ ನಕಲಾಗಿ ಕೆಟ್ಟುಹೋಗಬಹುದು.

ಐಮ್ಯಾಪ್ ವಿಳಾಸಗಳನ್ನು ಹೊರುವುದಿಲ್ಲ, ಹಲವರು ಎಡವುವುದು ಇಲ್ಲೇ. ಅದಕ್ಕೆ ಕಾರ್ಡ್‌ಡ್ಯಾವ್ ಎಂಬ ಪ್ರತ್ಯೇಕ ಮಾನಕ 2011ರಲ್ಲಿ ಬಂತು. ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದ ಈಗಿನ ಆವೃತ್ತಿ ಅದನ್ನು ಬಲ್ಲದು. ಹೆಸರಿನ ಎರಡು ಅಕ್ಷರ ಒತ್ತಿದೊಡನೆ ವಿಳಾಸ ತಾನಾಗಿ ಮೂಡಿತೆಂದರೆ ಅದು ನಿನ್ನ ಪಟ್ಟಿಯಲ್ಲಿದೆ ಎಂದು ನಂಬಬೇಡ. ಅದು ಆ ತಂತ್ರಾಂಶದ ನೆನಪಷ್ಟೇ ಆಗಿರಬಹುದು, ಇನ್ನೊಂದು ಯಂತ್ರದಲ್ಲಿ ಇರಲಿಕ್ಕಿಲ್ಲ. ಪ್ರಕಾಶಕರು, ಸಂಪಾದಕರು, ಕರಡು ತಿದ್ದುವವರು, ಎಲ್ಲರನ್ನೂ ಒಂದೇ ಖಾತೆಯ ವಿಳಾಸಪಟ್ಟಿಗೆ ಸೇರಿಸು.

ಸಿಂಕ್ ಇದ್ದ ಮಾತ್ರಕ್ಕೆ ಬ್ಯಾಕಪ್ ಆದಂತಲ್ಲ. ಇಲ್ಲಿ ಅಳಿಸಿದ್ದು ಕ್ಷಣದಲ್ಲಿ ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿ 30 ದಿನ ಕಾಯುತ್ತದೆ, ಆಮೇಲೆ ಇಲ್ಲ. ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ಎಲ್ಲವನ್ನೂ ನಕಲಿಸಿ, ಡಿಸ್ಕನ್ನು ಕಳಚಿ ಬೇರೆಡೆ ಇಡು.

ಇನ್ನು ಶುರು ಮಾಡುವ ಬಗೆ. ಮೊದಲ ಸಿಂಕ್‌ನಲ್ಲಿ ತಂತ್ರಾಂಶಕ್ಕೆ ಹಿಂದಿನದೇನೂ ಗೊತ್ತಿರುವುದಿಲ್ಲ, ಆದ್ದರಿಂದ ಅನಾಹುತ ಆಗುವುದಿದ್ದರೆ ಆಗಲೇ. ಮುಂಚೆ ಎರಡೂ ಯಂತ್ರಗಳ ಬರಹವನ್ನು ಆ ಡಿಸ್ಕಿಗೆ ಬೇರೆ ಬೇರೆ ಫೋಲ್ಡರುಗಳಲ್ಲಿ ನಕಲಿಸಿಕೊ. ಆಮೇಲೆ ಕುಳಿತು, ಅಧ್ಯಾಯಕ್ಕೊಂದರಂತೆ ಸರಿಯಾದ ಪ್ರತಿಯನ್ನು ಆರಿಸಿ ಲ್ಯಾಪ್‌ಟಾಪಿನ ಸಿಂಕ್ ಫೋಲ್ಡರಿನಲ್ಲಿಡು. ಮೇಜಿನ ಕಂಪ್ಯೂಟರಿನ ಫೋಲ್ಡರ್ ಖಾಲಿ ಇರಲಿ. ಅದು ತಾನೇ ತುಂಬಿಕೊಳ್ಳುತ್ತದೆ. ಅದಾದ ಮೇಲೆ ಅಲ್ಲಿಂದಲೇ ಇಡೀ ಕರಡನ್ನು ನನಗೆ ಇನ್ನೊಮ್ಮೆ ಕಳಿಸು.

ಪ್ರೀತಿಯಿಂದ,
ನಿನ್ನ ಹಿರಿಯ ಮಿತ್ರ