ಹಾರ್ಟ್‌ಬೀಟ್ ಕಾನೂನಿನ ಊರಿನಿಂದ ಅವ್ವನಿಗೆ

ಕೊಲಂಬಸ್, ಓಹಾಯೊ
10 ಡಿಸೆಂಬರ್ 2023, ರವಿವಾರ

ಪ್ರೀತಿಯ ಅವ್ವನಿಗೆ ನಮಸ್ಕಾರಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ಐದನೆಯ ತಿಂಗಳು ನಡೆದಿದೆ. ವಾಂತಿ ನಿಂತಿದೆ, ನೀನು ಕಳಿಸಿದ ಶೇಂಗಾ ಹಿಂಡಿ ಇದ್ದರೆ ಎರಡು ಹೊತ್ತೂ ಊಟ ಸೇರುತ್ತದೆ. ಅಪ್ಪನಿಗೆ ಬಿಪಿ ಮಾತ್ರೆ ತಪ್ಪಿಸಬೇಡಿರೆಂದು ಹೇಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಎರಡು ನಿಮಿಷದಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಕಾಗದ ಬರೆಯಲು ಕುಳಿತಿದ್ದೇನೆ. ‘ಕೂಸಿನ ಎದೆಬಡಿತ ನಿಲ್ಲುವ ತನಕ ತಾಯಿಗೆ ಕೈ ಹಚ್ಚದ ಊರಿನಲ್ಲಿ ಚೊಚ್ಚಲ ಹೆರಿಗೆ ಬೇಡ, ತವರಿಗೆ ಬಂದುಬಿಡು’ ಎಂದೆ. ಹಾಗೆನ್ನುವಾಗ ನಿನ್ನ ಕಣ್ಣ ಮುಂದೆ ಯಾರಿದ್ದರೆಂದು ನನಗೆ ಗೊತ್ತು. ಸವಿತಾ ಹಾಲಪ್ಪನವರ್ ಅವರನ್ನು ಬೆಳಗಾವಿಯ ಯಾವ ತಾಯಿಯೂ ಮರೆತಿಲ್ಲ. 2012ರ ಅಕ್ಟೋಬರಿನಲ್ಲಿ, 31ರ ಪ್ರಾಯದ ದಂತವೈದ್ಯೆ, ಹದಿನೇಳು ವಾರದ ಬಸುರಿ, ಐರ್ಲೆಂಡಿನ ಗಾಲ್ವೇ ಊರಿನ ಆಸ್ಪತ್ರೆಗೆ ಬೆನ್ನುನೋವೆಂದು ಹೋದರು. ಗರ್ಭ ಉಳಿಯುವುದಿಲ್ಲವೆಂದು ವೈದ್ಯರೇ ಹೇಳಿದ್ದರು. ಹಾಗಿದ್ದರೆ ತೆಗೆದುಬಿಡಿ ಎಂದು ಗಂಡ ಹೆಂಡತಿ ಕೇಳಿಕೊಂಡರೂ ಭ್ರೂಣದ ಎದೆಬಡಿತ ಇದೆ ಎಂಬ ಕಾರಣಕ್ಕೆ ತೆಗೆಯಲಿಲ್ಲ. ಅಕ್ಟೋಬರ್ 28ರಂದು ಮೈಯೆಲ್ಲ ನಂಜೇರಿ ಅವರು ತೀರಿಕೊಂಡರು. ಆಗ ನಾನು ಕಾಲೇಜಿನಲ್ಲಿದ್ದೆ. ನೀನು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಪತ್ರಿಕೆ ಓದಿ, ‘ಇದು ರೋಗದಿಂದ ಬಂದ ಸಾವಲ್ಲ, ಕಾಯುತ್ತ ಕುಳಿತದ್ದರಿಂದ ಬಂದ ಸಾವು’ ಎಂದದ್ದು ನನಗೆ ಇಂದಿಗೂ ನೆನಪಿದೆ.

ಈ ರಾಜ್ಯದ ಕಾನೂನಿಗೆ ಜನ ಇಟ್ಟ ಹೆಸರೂ ಹಾರ್ಟ್‌ಬೀಟ್ ಕಾನೂನೇ. ನಿನ್ನ ಭಯ ಸುಳ್ಳು ಎನ್ನಲಾರೆ. ಆದರೆ ಕಾನೂನು ಬಂದ ಮೇಲೆ ಇಲ್ಲಿಯ ಜನ ಏನು ಮಾಡಿದರು ಎಂಬುದು ಟಿವಿಯಲ್ಲಿ ನಿಮಗೆ ಕಂಡಿರಲಿಕ್ಕಿಲ್ಲ. ಅದನ್ನು ನಿನಗೆ ಹೇಳಲೇಬೇಕು.

ಕಳೆದ ವರ್ಷ, 2022ರ ಜೂನ್ 24ರಂದು, ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತವನ್ನು ಹಕ್ಕೆಂದಿದ್ದ 1973ರ ತನ್ನದೇ ತೀರ್ಪನ್ನು ಅಳಿಸಿಹಾಕಿ, ಗರ್ಭಪಾತದ ವಿಷಯವನ್ನು ಆಯಾ ರಾಜ್ಯಗಳಿಗೆ ಬಿಟ್ಟಿತು. ಓಹಾಯೊದಲ್ಲಿ 2019ರಲ್ಲೇ ಸಹಿಯಾಗಿ ನ್ಯಾಯಾಲಯದ ತಡೆಯಲ್ಲಿದ್ದ ಕಾನೂನು ಅದೇ ದಿನ ಜಾರಿಗೆ ಬಂದಿತು. ಭ್ರೂಣದ ಬಡಿತ ಯಂತ್ರಕ್ಕೆ ಸಿಕ್ಕರೆ ಮುಗಿಯಿತು, ಗರ್ಭಪಾತ ಅಪರಾಧ. ಅಂದರೆ ಸುಮಾರು ಆರು ವಾರ. ಕೊನೆಯ ಮುಟ್ಟಿನಿಂದ ಎಣಿಸುವ ಆರು ವಾರವೆಂದರೆ ಮುಟ್ಟು ತಪ್ಪಿ ಎರಡೇ ವಾರವೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೋ ಹೆಂಗಸರಿಗೆ ಆ ಹೊತ್ತಿಗೆ ಬಸಿರು ನಿಂತದ್ದೇ ತಿಳಿದಿರುವುದಿಲ್ಲ. ತಾಯಿಯ ಜೀವಕ್ಕೆ ಅಪಾಯವಿದ್ದರೆ ಎಂಬ ವಿನಾಯಿತಿ ಇತ್ತು, ಅತ್ಯಾಚಾರಕ್ಕೆ ಒಳಗಾದವರಿಗೆ ಇರಲಿಲ್ಲ.

ಆ ಬೇಸಿಗೆಯಲ್ಲೇ ನಮ್ಮ ಕೊಲಂಬಸ್‌ನ ಹತ್ತು ವರ್ಷದ ಹುಡುಗಿಯೊಬ್ಬಳನ್ನು ಪಕ್ಕದ ಇಂಡಿಯಾನಾ ರಾಜ್ಯಕ್ಕೆ ಕರೆದೊಯ್ಯಬೇಕಾಯಿತು. ಅವಳ ಮೇಲೆ ಅತ್ಯಾಚಾರವಾಗಿತ್ತು, ಆರು ವಾರ ದಾಟಿ ಕೆಲವೇ ದಿನಗಳಾಗಿದ್ದವು. ಸುದ್ದಿ ಬಂದಾಗ ಇದು ಕಟ್ಟುಕಥೆ ಇರಬೇಕೆಂದು ರಾಜಕಾರಣಿಗಳು ಅನುಮಾನಿಸಿದರು, ದೊಡ್ಡ ಪತ್ರಿಕೆಯೊಂದೂ ಹಾಗೆಯೇ ಬರೆಯಿತು. ಜುಲೈ ನಡುವಿನಲ್ಲಿ ಆರೋಪಿಯ ಬಂಧನವಾಯಿತು. ಅವನಿಗೆ ಈ ವರ್ಷ ಜೀವಾವಧಿ ಶಿಕ್ಷೆಯಾಗಿದೆ. ಸುದ್ದಿ ನಿಜವೆಂದಾದ ದಿನ ನಮ್ಮ ಕಚೇರಿಯಲ್ಲಿ ಮಧ್ಯಾಹ್ನದ ಊಟ ಯಾರಿಗೂ ಇಳಿಯಲಿಲ್ಲ. ಆ ತನಕ ಈ ಮಾತು ಎತ್ತದ ಗಂಡಸರೂ ಅಂದು ಮಾತನಾಡಿದರು. ಇಡೀ ಊರಿನ ಮನಸ್ಸು ತಿರುಗಿದ್ದು ಅಲ್ಲಿಂದಲೇ ಎಂದು ನನ್ನ ನಂಬಿಕೆ.

ವಿಧಾನಸಭೆಯ ಕಟ್ಟಡ ನಮ್ಮ ಕಚೇರಿಗೆ ಹತ್ತಿರ. ಜೂನ್‌ನಲ್ಲಿ ಅದರ ಮುಂದೆ ಸಾವಿರಾರು ಜನ ಸೇರಿ ಘೋಷಣೆ ಕೂಗಿದ್ದನ್ನು ಕಂಡಿದ್ದೇನೆ. ಆದರೆ ಘೋಷಣೆಗಿಂತ ಹೆಚ್ಚಿನ ಕೆಲಸ ಮಾಡಿದ್ದು ಮಡಿಸುವ ಮೇಜು, ಒಂದು ಪೆನ್ನು, ಸಹಿಯ ಹಾಳೆ. ಈ ರಾಜ್ಯದಲ್ಲಿ ಜನರೇ ಸಹಿ ಸಂಗ್ರಹಿಸಿ ಸಂವಿಧಾನದ ತಿದ್ದುಪಡಿಯನ್ನು ಮತಕ್ಕೆ ಹಾಕಿಸಬಹುದು. 1912ರಿಂದ ಬಂದ ಹಕ್ಕು ಅದು. ಗರ್ಭಪಾತದ ಹಕ್ಕನ್ನು ಹಾಗೆ ಸಂವಿಧಾನದಲ್ಲಿ ಬರೆಸಲು ವೈದ್ಯರೇ ಮುಂದಾಳುಗಳಾಗಿ ನಿಂತರು. ರೋಗಿಯ ಪಕ್ಕದಲ್ಲಿ ನಿಂತುಕೊಂಡು ವಕೀಲರಿಗೆ ಫೋನ್ ಮಾಡುವ ಸ್ಥಿತಿ ತಮಗೆ ಬೇಡ ಎಂದು ಅವರು ಬಹಿರಂಗವಾಗಿ ಹೇಳಿದರು. ಗ್ರಂಥಾಲಯದ ಮುಂದೆ, ರೈತರ ಸಂತೆಯಲ್ಲಿ, ಸಹಿಯ ಮೇಜು ಇಲ್ಲದ ಜಾಗವಿರಲಿಲ್ಲ. ಬೇಕಾಗಿದ್ದ ಸಹಿ ಸುಮಾರು 4,13,000. ಅವರು ಒಪ್ಪಿಸಿದ್ದು ಏಳು ಲಕ್ಷಕ್ಕೂ ಹೆಚ್ಚು. ನಾನು ಸಹಿ ಹಾಕುವಂತಿರಲಿಲ್ಲ. ಪೌರತ್ವವಿಲ್ಲದ ನಮಗೆ ಮತವಿಲ್ಲ, ಕಾನೂನು ಮಾತ್ರ ನಮ್ಮ ಹೊಟ್ಟೆಗೂ ಅನ್ವಯಿಸುತ್ತದೆ. ಶನಿವಾರಗಳಂದು ಮೇಜಿನ ಹತ್ತಿರ ನಿಂತು ನೀರಿನ ಬಾಟಲಿ ಹಂಚುತ್ತಿದ್ದೆ, ಜನರ ಮಾತು ಕೇಳುತ್ತಿದ್ದೆ.

ಇನ್ನು ಆಗಸ್ಟಿನ ಕಥೆ. ಇದನ್ನು ಅಪ್ಪನಿಗೂ ಓದಿ ಹೇಳು, ಚುನಾವಣೆಯ ಲೆಕ್ಕಾಚಾರ ಅವರಿಗೆ ಇಷ್ಟ. ತಿದ್ದುಪಡಿ ನವೆಂಬರಿನಲ್ಲಿ ಮತಕ್ಕೆ ಬರುವುದು ಖಚಿತವಾಗುತ್ತಿದ್ದಂತೆ ವಿಧಾನಸಭೆಯಲ್ಲಿ ಬಹುಮತವಿದ್ದ ರಿಪಬ್ಲಿಕನ್ ಪಕ್ಷದವರು ಆಗಸ್ಟ್ 8ಕ್ಕೆ ಬೇರೊಂದು ಮತದಾನ ಇಟ್ಟರು: ಇನ್ನು ಮುಂದೆ ಸಂವಿಧಾನ ತಿದ್ದಲು ಅರ್ಧಕ್ಕಿಂತ ಹೆಚ್ಚು ಮತ ಸಾಲದು, ಶೇ. 60 ಬೇಕು. ಜನ ಬರುವುದಿಲ್ಲ, ಹಣ ದಂಡ ಎಂದು ಆಗಸ್ಟ್ ತಿಂಗಳ ಚುನಾವಣೆಗಳನ್ನು ಬಹುಮಟ್ಟಿಗೆ ರದ್ದು ಮಾಡಿ ಅವರೇ ಕಾನೂನು ತಂದು ವರ್ಷವೂ ತುಂಬಿರಲಿಲ್ಲ. ಜನ ಊರು ಬಿಟ್ಟು ರಜೆಗೆ ಹೋಗುವ ತಿಂಗಳು. ಆದರೆ ಮೂವತ್ತು ಲಕ್ಷಕ್ಕೂ ಹೆಚ್ಚು ಮಂದಿ ಬಂದು ಮತ ಹಾಕಿದರು. ಒಂದು ಕೌಂಟಿಗೆ, ಅಂದರೆ ಜಿಲ್ಲೆಗೆ, ಒಂದೇ ಮುಂಗಡ ಮತದಾನ ಕೇಂದ್ರ. ನಮ್ಮದು ಮೋರ್ಸ್ ರಸ್ತೆಯಲ್ಲಿದೆ. ಪಕ್ಕದ ಮನೆಯ ಅಜ್ಜಿಯನ್ನು ಕಾರಿನಲ್ಲಿ ಕರೆದುಕೊಂಡು ಹೋದವಳು ನಾನು. ಸಾಲು ಕಟ್ಟಡವನ್ನು ಸುತ್ತಿಕೊಂಡು ಬಿಸಿಲಿನಲ್ಲಿ ನಿಂತಿತ್ತು. ಕೂಸು ಎತ್ತಿಕೊಂಡವರು, ಊರುಗೋಲಿನವರು, ಗದ್ದೆಯಿಂದ ನೇರವಾಗಿ ಬಂದಂತೆ ಕಾಣುವ ಬೂಟಿನವರು. ಅದೇ ಪಕ್ಷದ ಇಬ್ಬರು ಮಾಜಿ ಗವರ್ನರ್‌ಗಳೂ ಇದು ತಪ್ಪು ಎಂದಿದ್ದರು. ಶೇ. 57 ಜನ ಬೇಡವೆಂದರು.

ಆಗಸ್ಟಿನ ಪ್ರಶ್ನೆಗೂ ನವೆಂಬರಿನ ಪ್ರಶ್ನೆಗೂ ‘ಇಷ್ಯೂ 1’ ಎಂಬ ಒಂದೇ ಸಂಖ್ಯೆ. ಗರ್ಭಪಾತದ ಹಕ್ಕು ಉಳಿಯಬೇಕೆನ್ನುವವರು ಆಗಸ್ಟಿನಲ್ಲಿ ‘ಬೇಡ’ ಎನ್ನಬೇಕಿತ್ತು, ನವೆಂಬರಿನಲ್ಲಿ ‘ಬೇಕು’ ಎನ್ನಬೇಕಿತ್ತು. ಬೇಡವೆಂದು ಬರೆದ ಫಲಕಗಳನ್ನು ಕಿತ್ತು ಜನ ಅದೇ ಅಂಗಳದಲ್ಲಿ ಬೇಕು ಎಂಬ ಫಲಕ ನೆಟ್ಟರು. ಯಾರಿಗೂ ಗೊಂದಲವಾಗದಂತೆ ಮನೆ ಮನೆಗೆ ಹೋಗಿ ತಿಳಿಸಿದ ಹುಡುಗಿಯರಲ್ಲಿ ಹಲವರಿಗೆ ಹದಿನೆಂಟು ತುಂಬಿ ಕೆಲವೇ ತಿಂಗಳಾಗಿತ್ತು.

ನವೆಂಬರ್ 7ರ ರಾತ್ರಿ ಫಲಿತಾಂಶ ಬಂದಿತು: ಬೇಕು ಎಂದವರು ಶೇ. 56.8. ಆಗಸ್ಟಿನಲ್ಲಿ ಆ ಶೇ. 60ರ ನಿಯಮ ಗೆದ್ದಿದ್ದರೆ ಇಷ್ಟು ಮತ ಬಿದ್ದರೂ ಸೋಲಾಗುತ್ತಿತ್ತು. ಗರ್ಭನಿರೋಧಕ, ಬಂಜೆತನದ ಚಿಕಿತ್ಸೆ, ಬಸಿರನ್ನು ಮುಂದುವರಿಸುವುದು, ಗರ್ಭ ತಾನಾಗಿ ಜಾರಿದಾಗಿನ ಆರೈಕೆ, ಗರ್ಭಪಾತ, ಇವೆಲ್ಲವೂ ಆಯಾ ವ್ಯಕ್ತಿಯ ನಿರ್ಧಾರ ಎಂದು ಈಗ ರಾಜ್ಯದ ಸಂವಿಧಾನವೇ ಹೇಳುತ್ತದೆ. ಮೊನ್ನೆ ಗುರುವಾರ, 7ನೆಯ ತಾರೀಖಿನಿಂದ, ಅದು ಜಾರಿಯಲ್ಲಿದೆ. ಇದು ಟ್ರಂಪ್ ಅವರಿಗೆ 2016ರಲ್ಲೂ 2020ರಲ್ಲೂ ಬಹುಮತ ಕೊಟ್ಟ ರಾಜ್ಯ ಎಂಬುದನ್ನು ಮರೆಯಬೇಡ. 1964ರ ನಂತರ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿಯನ್ನು ಒಮ್ಮೆಯೂ ಗೆಲ್ಲಿಸದ ಕಾನ್ಸಾಸ್‌ನವರು ಕಳೆದ ವರ್ಷ ಆಗಸ್ಟಿನಲ್ಲೇ ಶೇ. 59ರಷ್ಟು ಮತದಿಂದ ಇದೇ ದಾರಿ ತೋರಿಸಿದ್ದರು. ಪಕ್ಷಕ್ಕೆ ಹಾಕುವ ಮತ ಬೇರೆ, ಇದು ಬೇರೆ ಎಂದು ಜನ ಎರಡೂ ಕಡೆ ಸ್ಪಷ್ಟವಾಗಿ ಹೇಳಿದ್ದಾರೆ.

ಪಕ್ಕದ ಮನೆಯ ಅಜ್ಜಿ ಎಂದೆನಲ್ಲ, ಕಳೆದ ಸಲ ಬಂದಾಗ ನೀನು ಹೋಳಿಗೆ ಕೊಟ್ಟವರು. ಕ್ಯಾಥೊಲಿಕ್, ಒಂದು ರವಿವಾರವೂ ಚರ್ಚು ತಪ್ಪಿಸುವುದಿಲ್ಲ. ಅವರ ಚರ್ಚಿನ ಅಂಗಳದಲ್ಲಿ ತಿದ್ದುಪಡಿಯ ವಿರುದ್ಧ ದೊಡ್ಡ ಫಲಕವಿತ್ತು. ಆದರೂ ಅವರು ನವೆಂಬರಿನಲ್ಲಿ ಬೇಕು ಎಂದೇ ಹಾಕಿದರು. ‘ನಾನಾದರೆ ತೆಗೆಸಿಕೊಳ್ಳುತ್ತಿರಲಿಲ್ಲ. ಆದರೆ ಮದುವೆಯಾದ ಹೊಸದರಲ್ಲಿ ನನಗೆ ಗರ್ಭ ಜಾರಿ ರಕ್ತ ನಿಲ್ಲದೆ ಹೋದಾಗ ಡಾಕ್ಟರರು ಯಾರನ್ನೂ ಕೇಳಲಿಲ್ಲ, ನನ್ನನ್ನು ಉಳಿಸಿದರು. ನನ್ನ ಮೊಮ್ಮಗಳಿಗೂ ಅಂಥ ಡಾಕ್ಟರರೇ ಇರಲಿ’ ಎಂದರು. ಐವತ್ತು ವರ್ಷ ಈ ಮಾತನ್ನು ಮನೆಯಲ್ಲೂ ಆಡಿರಲಿಲ್ಲವಂತೆ.

ಎಲ್ಲರೂ ಹೀಗೆಯೇ ಎಂದಲ್ಲ. ನನ್ನ ಕಚೇರಿಯ ಗೆಳತಿ ಎರಡು ಸಲವೂ ಇನ್ನೊಂದು ಕಡೆಗೆ ಮತ ಹಾಕಿದಳು. ಗರ್ಭದಲ್ಲಿರುವುದು ಆಗಲೇ ಒಂದು ಜೀವ ಎಂದು ಅವಳು ಮನಸಾರೆ ನಂಬುತ್ತಾಳೆ. ಬಡ ಬಾಣಂತಿಯರಿಗೆ ಕೂಸಿನ ಬಟ್ಟೆ, ಹಾಲಿನ ಪುಡಿ ಹೊಂದಿಸುವ ಕೆಲಸವನ್ನು ವರ್ಷಗಳಿಂದ ಮಾಡುತ್ತಿದ್ದಾಳೆ. ಅವಳ ಮೇಲೆ ನನಗೆ ಗೌರವವಿದೆ. ಅವಳ ನಂಬಿಕೆ ಅವಳ ಬಸಿರನ್ನು ಕಾಯಲಿ, ಆ ಹತ್ತು ವರ್ಷದ ಹುಡುಗಿಯ ಮೇಲೆ ಅದನ್ನು ಹೊರಿಸಲು ಯಾರಿಗೂ ಹಕ್ಕಿಲ್ಲ ಎಂದು ಅವಳ ಎದುರೇ ಹೇಳಿದ್ದೇನೆ. ಅವಳು ಒಪ್ಪಲಿಲ್ಲ, ಮಾತು ಬಿಡಲೂ ಇಲ್ಲ.

ನಮ್ಮವರದು ಬೇರೆ ರೀತಿ. ದೀಪಾವಳಿಗೆ ಕನ್ನಡದವರೆಲ್ಲ ಸೇರಿದ್ದೆವು. ಫಲಿತಾಂಶ ಬಂದು ವಾರವೂ ಆಗಿರಲಿಲ್ಲ, ಪಡಸಾಲೆಯಲ್ಲಿ ವಿಶ್ವಕಪ್ ಕ್ರಿಕೆಟ್ ಬಿಟ್ಟು ಬೇರೆ ಮಾತಿಲ್ಲ. ಅಡುಗೆಮನೆಯಲ್ಲಿ ಮಾತ್ರ ಹೆಂಗಸರು ದನಿ ತಗ್ಗಿಸಿ ಮಾತನಾಡಿದರು. ಟೆಕ್ಸಾಸ್‌ನಲ್ಲಿರುವ ತಂಗಿಗೆ ಈ ವರ್ಷ ಬಸಿರಾಗುವುದು ಬೇಡವೆಂದು ಹೇಳಿದ್ದೇನೆ ಎಂದರು ಒಬ್ಬರು. ಇಂಥ ಮಾತು ಪಡಸಾಲೆಗೆ ಬರಬೇಕು ಅವ್ವಾ.

ಅಂದು ನೀನು ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ: ತೆಗೆಸುವ ಹಕ್ಕು ಎಂದರೆ ನಮ್ಮಲ್ಲಿ ಹೆಣ್ಣುಕೂಸಿಗೇ ಕುತ್ತಲ್ಲವೇ ಎಂದು. ಮಂಡ್ಯದ ಕಡೆ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿದ್ದವರ ಸುದ್ದಿಯನ್ನು ನಾನೂ ಓದಿ ಸಂಕಟಪಟ್ಟೆ. 1994ರಲ್ಲೇ ಲಿಂಗಪತ್ತೆಗೆ ನಿಷೇಧ ಬಂದಿದೆ, ಪ್ರತಿ ಆಸ್ಪತ್ರೆಯ ಗೋಡೆಯ ಮೇಲೂ ಫಲಕವಿದೆ, ಆದರೂ ಇದು ನಡೆಯಿತು. ಆದರೆ ಅಲ್ಲಿ ಆ ಬಸುರಿಯ ಮನಸ್ಸನ್ನು ಕೇಳಿದವರು ಯಾರು? ಗಂಡನ ಮನೆಯವರು ತೀರ್ಮಾನಿಸುತ್ತಾರೆ, ಅವಳು ಮೇಜಿನ ಮೇಲೆ ಮಲಗುತ್ತಾಳೆ. ಇಲ್ಲಿ ಇರಿಸಿಕೋ ಎಂದು ಶಾಸಕರು ತೀರ್ಮಾನಿಸಿದ್ದರು, ಅಲ್ಲಿ ತೆಗೆಸು ಎಂದು ಅತ್ತೆ ಮಾವ. ಅವಳನ್ನು ದಾಟಿಕೊಂಡು ಬೇರೆಯವರು ನಿರ್ಧರಿಸುವುದನ್ನು ನಾನು ಎರಡು ಕಡೆಯೂ ವಿರೋಧಿಸುತ್ತೇನೆ. ಮುಚ್ಚಿದ ಬಾಗಿಲು ಏನು ಮಾಡುತ್ತದೆಂದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮಲ್ಲಿ ಗರ್ಭಪಾತಕ್ಕೆ ಅವಕಾಶ ಕೊಟ್ಟ 1971ರ ಕಾನೂನು ಬಂದು ಹತ್ತು ವರ್ಷ ಕಳೆದ ಮೇಲೂ ಹಳ್ಳಿಗಳಿಂದ ಕಡ್ಡಿ ಹಾಕಿಸಿಕೊಂಡು, ಜ್ವರದಲ್ಲಿ ಬೇಯುತ್ತ ಬರುತ್ತಿದ್ದ ಹೆಂಗಸರ ಕಥೆಯನ್ನು ನೀನೇ ಹೇಳಿದ್ದೀಯಲ್ಲ. ಕಳೆದ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಮದುವೆಯಾಗದವರಿಗೂ 24 ವಾರಗಳ ತನಕ ಅವಕಾಶ ಉಂಟೆಂದು ತೀರ್ಪು ಕೊಟ್ಟಾಗ ಇಲ್ಲಿಯ ಗೆಳತಿಯರಿಗೆ ಅದನ್ನು ಹೆಮ್ಮೆಯಿಂದ ತಿಳಿಸಿದೆ.

ಸವಿತಾ ಅವರ ಸಾವು ವ್ಯರ್ಥವಾಗಲಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ, ಮಗಳನ್ನು ಕಳೆದುಕೊಂಡವರು ನಮ್ಮೂರಿನವರೇ. ಆದರೆ ಐರ್ಲೆಂಡಿನ ಜನ ಅವರ ಚಿತ್ರ ಹಿಡಿದು ಬೀದಿಗೆ ಬಂದರು, 2018ರ ಮೇ ತಿಂಗಳಲ್ಲಿ ಶೇ. 66ಕ್ಕೂ ಹೆಚ್ಚು ಮಂದಿ ಮತ ಹಾಕಿ ಆ ನಿಷೇಧವನ್ನು ಸಂವಿಧಾನದಿಂದಲೇ ಕಿತ್ತುಹಾಕಿದರು. ಸಹಿಯ ಮೇಜಿನ ಹತ್ತಿರ ನಾನು ಬೆಳಗಾವಿಯವಳೆಂದಾಗ ಒಬ್ಬ ದಾದಿಗೆ ಕೂಡಲೇ ಸವಿತಾ ಅವರ ಹೆಸರು ನೆನಪಾಯಿತು. ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಈಗಿರುವ ಆತಂಕ ಟೆಕ್ಸಾಸ್‌ನದು. ಡಲ್ಲಾಸ್ ಕಡೆಯ, ಇಬ್ಬರು ಮಕ್ಕಳ ತಾಯಿ, ಅವಳಿಗೂ 31. ಕೂಸು ಬದುಕುವ ಆಸೆ ಇಲ್ಲವೆಂದು ಪರೀಕ್ಷೆಯಲ್ಲಿ ತಿಳಿದಿದೆ, ಮುಂದುವರಿಸಿದರೆ ತನಗೆ ಮತ್ತೆ ಮಕ್ಕಳಾಗದಿರಬಹುದು ಎಂದು ನ್ಯಾಯಾಲಯಕ್ಕೆ ಹೋಗಿದ್ದಾಳೆ. ಗುರುವಾರ ನ್ಯಾಯಾಧೀಶೆ ಅನುಮತಿ ಕೊಟ್ಟರು, ಶುಕ್ರವಾರ ರಾತ್ರಿ ಆ ರಾಜ್ಯದ ಸುಪ್ರೀಂ ಕೋರ್ಟ್ ತಡೆ ನೀಡಿತು. ಅವಳು ಕಾಯುತ್ತಿದ್ದಾಳೆ. ಸಹಿ ಸಂಗ್ರಹಿಸಿ ಮತಕ್ಕೆ ಹಾಕಿಸುವ ದಾರಿ ಟೆಕ್ಸಾಸ್‌ನವರಿಗೆ ಇಲ್ಲ.

ಆದ್ದರಿಂದ ನನ್ನ ತೀರ್ಮಾನ ಇದು: ಹೆರಿಗೆ ಇಲ್ಲಿಯೇ ಆಗಲಿ. ನನ್ನ ವೈದ್ಯೆಯನ್ನು ನೇರವಾಗಿಯೇ ಕೇಳಿದೆ, ಸವಿತಾ ಅವರಂಥ ಸ್ಥಿತಿ ನನಗೆ ಬಂದರೆ ನೀವು ಏನು ಮಾಡುತ್ತೀರಿ ಎಂದು. ‘ನಿಮ್ಮನ್ನು ಕೇಳುತ್ತೇನೆ, ಆಮೇಲೆ ಮಾಡಬೇಕಾದ್ದನ್ನು ಮಾಡುತ್ತೇನೆ’ ಎಂದರು. ನಿನ್ನ ವೀಸಾ ಇನ್ನೂ ಚಾಲ್ತಿಯಲ್ಲಿದೆ, ಮಾರ್ಚ್ ಕೊನೆಗೆ ಟಿಕೆಟ್ ತೆಗೆಸುತ್ತೇನೆ, ಅಪ್ಪನನ್ನೂ ಒಪ್ಪಿಸು. ಅಂಟಿನ ಉಂಡಿಯ ಸಾಮಾನು, ಅಳವಿ, ಬಾಣಂತಿ ಖಾರ ನೀನೇ ಕಟ್ಟಿಕೊಂಡು ಬಾ, ಇಲ್ಲಿ ಅಂಟು ಒಳ್ಳೆಯದು ಸಿಗುವುದಿಲ್ಲ. ಯಾವ ವಾರ ಹೊರಡಲು ಅನುಕೂಲವೆಂದು ಬೇಗ ತಿಳಿಸು.

ನಿನ್ನ ಮಗಳು,
ಗಿರಿಜಾ