ಎಷ್ಟು ವಾಟ್ಸ್ ಅಂತ ಕೇಳುವ ಮೊದಲು ಅರ್ಥ್ ಇದೆಯಾ ಅಂತ ಕೇಳಿ

ಸಂಪಾದಕರಿಗೆ ನಮಸ್ಕಾರ.

ಗಣೇಶನ ಹಬ್ಬ ಹತ್ತಿರ ಬಂತು. ಅದರ ಹಿಂದೆಯೇ ರಾಜ್ಯೋತ್ಸವ, ಆಮೇಲೆ ಶಾಲೆಗಳ ವಾರ್ಷಿಕೋತ್ಸವ, ಊರ ಜಾತ್ರೆಗಳು. ನಮ್ಮಂಥ ಸೌಂಡ್ ಸಿಸ್ಟಮ್‌ನವರಿಗೆ ಇನ್ನು ಕೈತುಂಬ ಕೆಲಸ. ಕಮಿಟಿಯವರು ಫೋನ್ ಮಾಡಿದರೆ ಮೊದಲ ಪ್ರಶ್ನೆ ‘ಎಷ್ಟು ವಾಟ್ಸ್ ಇದೆ?’, ಎರಡನೆಯದು ‘ಎಷ್ಟು ಬಾಕ್ಸ್ ಹಾಕ್ತೀರಿ?’, ಮೂರನೆಯದು ‘ರೇಟು ಸ್ವಲ್ಪ ನೋಡಿ ಹೇಳಿ’. ಆಂಪ್ಲಿಫೈಯರ್‌ಗೆ ಕರೆಂಟು ಎಲ್ಲಿಂದ ಎಳೆಯುತ್ತೀರಿ, ಅಲ್ಲಿ ಅರ್ಥಿಂಗ್ ಸರಿಯಾಗಿದೆಯಾ ಅಂತ ಯಾರೂ ಕೇಳುವುದಿಲ್ಲ. ಆ ಒಂದು ಪ್ರಶ್ನೆ ಎಲ್ಲರ ಬಾಯಲ್ಲೂ ಬರಲಿ ಅಂತಲೇ ಈ ಪತ್ರ.

ಹೋದ ವರ್ಷ ಒಂದು ಹಳ್ಳಿಯ ಪೆಂಡಾಲಿನಲ್ಲಿ ಬೇರೆಯವರು ಹಾಕಿದ್ದ ಸೆಟ್ ತೊಂದರೆ ಕೊಡುತ್ತಿದೆ ಅಂತ ನಮ್ಮನ್ನು ಕರೆದರು. ಸಣ್ಣಗೆ ಮಳೆ ಬಂದು ನಿಂತಿತ್ತು, ಸ್ಟೇಜಿನ ಮೇಲೆ ಹಾಸಿದ್ದ ಮ್ಯಾಟ್ ಒದ್ದೆಯಾಗಿತ್ತು. ಹಾಡಬೇಕಿದ್ದ ಹುಡುಗಿ ಬರಿಗಾಲಲ್ಲಿ ನಿಂತು ‘ಮೈಕು ತುಟಿಗೆ ಚುಚ್ಚುತ್ತೆ ಅಂಕಲ್’ ಅಂದಳು. ಅಲ್ಲಿದ್ದವರು ಮೈಕಿಗೆ ಒಂದು ಕರ್ಚೀಫು ಸುತ್ತಿ ಕೊಟ್ಟು ಹಾಡು ಅನ್ನುತ್ತಿದ್ದರು! ನಾನು ಎಲ್ಲವನ್ನೂ ಆಫ್ ಮಾಡಿಸಿ ಆಂಪ್ಲಿಫೈಯರ್‌ನ ಪ್ಲಗ್ ಬಿಚ್ಚಿ ನೋಡಿದೆ. ಕಂದು ವೈರು, ನೀಲಿ ವೈರು ಎರಡೂ ಸ್ಕ್ರೂಗೆ ಬಿಗಿಯಾಗಿ ಕೂತಿದ್ದವು. ಹಸಿರು-ಹಳದಿ ವೈರನ್ನು, ಅಂದರೆ ಅರ್ಥ್ ವೈರನ್ನು, ನೀಟಾಗಿ ಕತ್ತರಿಸಿ, ಮಡಚಿ, ಕಪ್ಪು ಟೇಪು ಸುತ್ತಿ ಒಳಗೇ ಇಟ್ಟಿದ್ದರು. ಅದು ಕಿತ್ತುಹೋದ ವೈರಲ್ಲ. ಬೇಕಂತಲೇ ಕತ್ತರಿಸಿದ್ದು.

ಯಾಕೆ ಕತ್ತರಿಸುತ್ತಾರೆ ಅಂತ ಹೇಳುತ್ತೇನೆ. ಬಾಕ್ಸ್‌ನಲ್ಲಿ ‘ಗೊಂಯ್’ ಅಂತ ಒಂದು ಸದ್ದು ಬರುತ್ತದೆ, ನಾವು ಹಮ್ಮಿಂಗ್ ಅನ್ನುತ್ತೇವೆ. ಮಿಕ್ಸರ್, ಅಂದರೆ ಎಲ್ಲ ಮೈಕುಗಳ ಸದ್ದನ್ನು ಕೂಡಿಸಿ ಹದ ಮಾಡುವ ಪೆಟ್ಟಿಗೆ, ಸ್ಟೇಜ್ ಎದುರಿಗೆ ಜನರ ಮಧ್ಯೆ ಇರುತ್ತದೆ, ಅದಕ್ಕೆ ಅಲ್ಲೇ ಯಾವುದೋ ಬೋರ್ಡಿನಿಂದ ಕರೆಂಟು. ಆಂಪ್ಲಿಫೈಯರ್ ಸ್ಟೇಜ್ ಹಿಂದೆ, ಅದಕ್ಕೆ ಇನ್ನೊಂದು ಕಡೆಯಿಂದ ಕರೆಂಟು. ಎರಡು ಕಡೆಯ ಅರ್ಥ್‌ಗಳ ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಮಿಕ್ಸರ್‌ನಿಂದ ಆಂಪ್‌ಗೆ ಬರುವ ಆಡಿಯೋ ಕೇಬಲ್ಲಿನೊಳಗೆ ಸುತ್ತಿರುವ ತಂತಿಯ ಜಾಲರಿ ಆ ಎರಡನ್ನೂ ಜೋಡಿಸಿಬಿಡುತ್ತದೆ. ಅದರೊಳಗೆ 50 ಹರ್ಟ್ಜ್‌ನ ಕರೆಂಟು ಹರಿಯುತ್ತದೆ, ಆಂಪ್ಲಿಫೈಯರ್ ಪಾಪ ಅದನ್ನೂ ಹಾಡು ಅಂದುಕೊಂಡು ದೊಡ್ಡದು ಮಾಡಿ ಕೊಡುತ್ತದೆ. ಅರ್ಥ್ ವೈರು ಕತ್ತರಿಸಿದರೆ ಈ ಸುತ್ತು ತುಂಡಾಗಿ ಸದ್ದು ನಿಲ್ಲುತ್ತದೆ ನಿಜ. ಸದ್ದು ನಿಂತಿತು ಅಂತ ಎಲ್ಲರಿಗೂ ಖುಷಿ. ಆದರೆ ಆ ಕ್ಷಣದಿಂದ ಆಂಪ್‌ನ ಕಬ್ಬಿಣದ ಪೆಟ್ಟಿಗೆಗೆ ಕಾವಲು ಇಲ್ಲ. ಒಳಗೆ ಒಂದು ವೈರಿನ ಇನ್ಸುಲೇಷನ್ ಹೋಗಿ ಫೇಸ್ ಬಾಡಿಗೆ ತಾಗಿದರೆ, ಆ ಕರೆಂಟು ಅದೇ ಆಡಿಯೋ ಕೇಬಲ್ಲಿನ ಜಾಲರಿ ಹಿಡಿದು ಮಿಕ್ಸರ್‌ಗೆ ಬರುತ್ತದೆ. ಮಿಕ್ಸರ್‌ನ ಅರ್ಥ್ ಕೂಡ ಇಲ್ಲದಿದ್ದರೆ ಅಲ್ಲಿಂದ ಸೀದಾ ಮೈಕಿನ ಬಾಡಿಗೆ. ಹಾಡುವವರ ತುಟಿಯಿಂದ ಒದ್ದೆ ನೆಲಕ್ಕೆ ದಾರಿ ಸಿಕ್ಕಿತಲ್ಲ. ಇನ್ನೇನು ಬೇಕು?

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಆಂಪ್ ಪೂರ್ತಿ ಸರಿಯಿದ್ದರೂ ಅರ್ಥ್ ಕತ್ತರಿಸಿದ ಮೇಲೆ ಬಾಡಿ ಮುಟ್ಟಿದರೆ ಜುಮ್ ಅನ್ನಬಹುದು. ಈಗಿನ ಹಗುರ ಆಂಪ್‌ಗಳಲ್ಲಿ ಇರುವುದು ಎಸ್‌ಎಂಪಿಎಸ್ ಅನ್ನುವ ಪವರ್ ಸಪ್ಲೈ. ಅದರ ಫಿಲ್ಟರ್ ಕೆಪಾಸಿಟರ್‌ಗಳಿಂದ ಒಂಚೂರು ಕರೆಂಟು ಸದಾ ಬಾಡಿಗೆ ಬರುತ್ತಿರುತ್ತದೆ. ಅರ್ಥ್ ವೈರು ಇದ್ದರೆ ಅದು ಸುಮ್ಮನೆ ಭೂಮಿಗೆ ಹೋಗುತ್ತದೆ, ಇಲ್ಲದಿದ್ದರೆ ಟೆಸ್ಟರ್ ಇಟ್ಟರೆ ಉರಿಯುತ್ತದೆ. ಇಷ್ಟು ಸಣ್ಣ ಕರೆಂಟು ಯಾರನ್ನೂ ಕೊಲ್ಲುವುದಿಲ್ಲ. ಆದರೆ ‘ಇದು ಯಾವಾಗಲೂ ಜುಮ್ ಅನ್ನುತ್ತೆ, ಏನಾಗಲ್ಲ ಬಿಡಿ’ ಅನ್ನುವ ರೂಢಿ ಬರುತ್ತದಲ್ಲ, ಅದು ಅಪಾಯ. ನಿಜವಾದ ಫಾಲ್ಟ್ ಬಂದ ದಿನವೂ ಹಾಗೇ ಅಂದುಕೊಳ್ಳುತ್ತಾರೆ.

ಹಾಗಾದರೆ ಹಮ್ಮಿಂಗ್‌ಗೆ ಏನು ಮಾಡಬೇಕು? ಮಿಕ್ಸರ್, ಆಂಪ್, ಕೀಬೋರ್ಡ್, ಲ್ಯಾಪ್‌ಟಾಪ್ ಎಲ್ಲಕ್ಕೂ ಒಂದೇ ಜಾಗದಿಂದ ಕರೆಂಟು ಕೊಡಿ. ಸ್ಟೇಜ್ ಹಿಂದಿನ ಬೋರ್ಡಿನಿಂದಲೇ ಮಿಕ್ಸರ್‌ಗೂ ಮೂರು ಎಳೆಯ ವೈರು ಎಳೆಯಿರಿ. ಅರ್ಧ ತೊಂದರೆ ಇಲ್ಲೇ ಮುಗಿಯುತ್ತದೆ. ಮಿಕ್ಸರ್‌ನಿಂದ ಆಂಪ್‌ಗೆ ಎಕ್ಸ್‌ಎಲ್‌ಆರ್ ಅನ್ನುವ ಮೂರು ಪಿನ್ನಿನ ಬ್ಯಾಲೆನ್ಸ್ಡ್ ಕೇಬಲ್ ಹಾಕಿ. ಅದರಲ್ಲಿ 1ನೇ ಪಿನ್ ಜಾಲರಿ, 2 ಮತ್ತು 3 ಸಿಗ್ನಲ್. ಆಮೇಲೂ ಸದ್ದು ಬಂದರೆ ಆಂಪ್ ಕಡೆಯ ತುದಿಯಲ್ಲಿ ಆ 1ನೇ ಪಿನ್ನಿನ ಜಾಲರಿ ಮಾತ್ರ ಬಿಚ್ಚಿ, ಇನ್ನೊಂದು ತುದಿಯಲ್ಲಿ ಹಾಗೇ ಇರಲಿ. ಅಥವಾ ಆ ಆಡಿಯೋ ಕೇಬಲ್ಲಿನ ಮಧ್ಯೆ ಒಂದು ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ, ಲ್ಯಾಪ್‌ಟಾಪ್‌ಗೆ ಡಿಐ ಬಾಕ್ಸ್ (ಅದರ ಸಿಗ್ನಲನ್ನು ಬ್ಯಾಲೆನ್ಸ್ಡ್ ಮಾಡಿಕೊಡುವ ಸಣ್ಣ ಪೆಟ್ಟಿಗೆ) ಹಾಕಿ. ಕತ್ತರಿಸುವುದಿದ್ದರೆ ಆಡಿಯೋ ಕೇಬಲ್ಲಿನಲ್ಲಿ ಕತ್ತರಿಸಿ, ಕರೆಂಟಿನ ಪ್ಲಗ್ಗಿಗೆ ಕೈ ಹಾಕಬೇಡಿ. ಅವತ್ತು ಆ ಹಳ್ಳಿಯಲ್ಲಿ ನಾವು ಮಾಡಿದ್ದೂ ಇಷ್ಟೇ. ಹಸಿರು ವೈರನ್ನು ಸ್ಕ್ರೂಗೆ ಹಾಕಿ, ಮಿಕ್ಸರ್‌ನ ಕರೆಂಟನ್ನು ಆಂಪ್ ಇದ್ದ ಬೋರ್ಡಿಗೆ ತಂದೆವು. ಹಮ್ಮಿಂಗೂ ಹೋಯಿತು, ಚುಚ್ಚುವುದೂ ನಿಂತಿತು. ಆ ಮಗು ಎರಡು ಹಾಡು ಚೆನ್ನಾಗಿ ಹಾಡಿತು.

ಮೂರು ಪಿನ್ನಿನ ಪ್ಲಗ್ಗನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮೇಲಿನ ಪಿನ್ನು ದಪ್ಪ ಇದೆ, ಉದ್ದವೂ ಇದೆ. ಹಾಕುವಾಗ ಅದು ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು ಅಂತಲೇ ಹಾಗೆ ಮಾಡಿದ್ದಾರೆ. ಅಷ್ಟು ಯೋಚನೆ ಮಾಡಿ ಇಟ್ಟ ಪಿನ್ನನ್ನು ನಾವು ಕಟಿಂಗ್ ಪ್ಲೇಯರ್‌ನಲ್ಲಿ ತಿರುಚಿ ಬಿಸಾಡುವುದು ಸರಿಯಾ?

ಈಗ ಕರೆಂಟು ಬರುವ ಜಾಗದ ಮಾತು. ಪಕ್ಕದ ಮನೆಯ ಕಿಟಕಿಯಿಂದ ಒಂದು ಎರಡೆಳೆ ವೈರು, ಅಥವಾ ಲೈನಿಗೆ ನೇರವಾಗಿ ಕೊಕ್ಕೆ. ಇದು ಎಲ್ಲ ಕಡೆ ನಡೆಯುವ ಸಂಗತಿ, ಬಚ್ಚಿಡುವುದೇನಿದೆ. ಕೊಕ್ಕೆಯಲ್ಲಿ ಅರ್ಥ್ ಇರುವುದೇ ಇಲ್ಲ, ಫ್ಯೂಸೂ ಇರುವುದಿಲ್ಲ. ಮೂರು ಫೇಸ್ ಎಳೆದ ಕಡೆ ಇನ್ನೂ ಕೆಟ್ಟದ್ದು. ನ್ಯೂಟ್ರಲ್ ವೈರನ್ನು ಸುಮ್ನೆ ತಿರುಚಿ ಬಿಟ್ಟಿರುತ್ತಾರೆ, ನಡುರಾತ್ರಿ ಅದು ಬಿಟ್ಟುಕೊಂಡರೆ 230 ವೋಲ್ಟ್ ಇರಬೇಕಾದ ಕಡೆ 400ರ ಹತ್ತಿರ ಹೋಗಬಹುದು. ಮಿಕ್ಸರ್, ಆಂಪ್, ಸೀರಿಯಲ್ ಸೆಟ್ ಎಲ್ಲ ಒಟ್ಟಿಗೆ ಹೊಗೆ. ವಿದ್ಯುತ್ ಕಂಪನಿಯಿಂದ ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳಿ. ಸ್ಟೇಜ್ ಹತ್ತಿರ ಒಂದು ಅರ್ಥ್ ರಾಡ್ ಹೊಡೆಸಿ. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಕಟ್ ಮಾಡುವ ಸ್ವಿಚ್, ಹಾಕಿಸಿ. ಎಂಸಿಬಿ ಇದೆಯಲ್ಲ ಸಾಕು ಅನ್ನುತ್ತಾರೆ. ಎಂಸಿಬಿ ಕಾಯುವುದು ವೈರನ್ನು. 16 ಆಂಪಿಯರ್ ದಾಟಿದರೆ ಅದು ಬೀಳುತ್ತದೆ, ಮನುಷ್ಯನಿಗೆ ಅದರ ನೂರರಲ್ಲಿ ಒಂದು ಪಾಲು ಹರಿದರೂ ಜೀವಕ್ಕೆ ಕುತ್ತು. ಆರ್‌ಸಿಸಿಬಿ ಹಾಗಲ್ಲ, ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬರದಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಕಟ್ ಮಾಡುತ್ತದೆ. ಹೂವಿನ ಅಲಂಕಾರಕ್ಕೆ ಕೊಡುವ ದುಡ್ಡಿನಲ್ಲಿ ಒಂದು ಸಣ್ಣ ಪಾಲು ಸಾಕು ಇದಕ್ಕೆ.

ಬಾಕ್ಸ್ ಕಡೆಯ ವಿಷಯವನ್ನೂ ಸ್ವಲ್ಪ ಹೇಳುತ್ತೇನೆ, ಯಾಕಂದರೆ ‘ಇನ್ನೂ ಎರಡು ಬಾಕ್ಸ್ ಹಾಕಿ’ ಅನ್ನುವ ಒತ್ತಾಯ ಬರುವುದು ಕಮಿಟಿಯವರಿಂದಲೇ. ಬಾಕ್ಸ್ ಕರೆಂಟಿಗೆ ಒಡ್ಡುವ ತಡೆಯನ್ನು ಓಮ್‌ನಲ್ಲಿ ಹೇಳುತ್ತಾರೆ, ಅದು ಕಮ್ಮಿಯಾದಷ್ಟೂ ಆಂಪ್ ಮೇಲೆ ಹೊರೆ ಜಾಸ್ತಿ. 8 ಓಮ್‌ನ ಎರಡು ಬಾಕ್ಸ್ ಪ್ಯಾರಲಲ್ ಹಾಕಿದರೆ 4 ಓಮ್, ನಾಲ್ಕು ಹಾಕಿದರೆ 2 ಓಮ್. ಆಂಪ್ ಹಿಂದೆ ಕನಿಷ್ಠ 4 ಓಮ್ ಅಂತ ಬರೆದಿದ್ದರೆ ನಾಲ್ಕನೇ ಬಾಕ್ಸ್ ಸಿಕ್ಕಿಸಿದಾಗ ಅದು ಕಾದು ಸಾಯುತ್ತದೆ. ಆಂಪ್‌ನ ಎರಡು ಚಾನೆಲ್ ಸೇರಿಸಿ ಒಂದೇ ಬಾಕ್ಸ್‌ಗೆ ಕೊಡುವ ಬ್ರಿಡ್ಜ್ ಮೋಡ್‌ನಲ್ಲಿ ಇನ್ನೂ ಜಾಗ್ರತೆ ಬೇಕು, ಅಲ್ಲಿ 8 ಓಮ್ ಬಾಕ್ಸ್ ಒಂದೊಂದು ಚಾನೆಲ್‌ಗೆ 4 ಓಮ್‌ನ ಹಾಗೆ ಕಾಣುತ್ತದೆ. ಮತ್ತೆ, ವಾಟ್ಸ್ ಎರಡರಷ್ಟು ಮಾಡಿದರೆ ಸದ್ದು ಎರಡರಷ್ಟು ಆಗುವುದಿಲ್ಲ. ಜಾಸ್ತಿ ಆಗುವುದು ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಹತ್ತಿರ ಹತ್ತಿರ ಹತ್ತು ಪಟ್ಟು ವಾಟ್ಸ್ ಬೇಕು. ಆಂಪ್‌ನ ಕ್ಲಿಪ್ ಲೈಟು, ಅಂದರೆ ಮಿತಿ ಮೀರಿತು ಅಂತ ಹೇಳುವ ಲೈಟು, ಕೆಂಪಗೆ ಉರಿಯುತ್ತಲೇ ಇದ್ದರೂ ‘ಇನ್ನೂ ಕೊಡಿ, ಇನ್ನೂ ಕೊಡಿ’ ಅನ್ನುವವರು ಇದನ್ನು ತಿಳಿದುಕೊಳ್ಳಬೇಕು. ಬಾಕ್ಸ್ ಒಳಗಿನ ಸಣ್ಣ ಸ್ಪೀಕರ್‌ಗಳು, ಅಂದರೆ ಟ್ವೀಟರ್‌ಗಳು, ಸುಡುವುದು ಬಹಳ ಸಲ ಆ ಕೆಂಪು ಲೈಟಿನಲ್ಲೇ.

ವೈರಿನಲ್ಲಿ ಉಳಿಸಲು ಹೋಗುವುದು ಇನ್ನೊಂದು ಚಾಳಿ. 50 ಮೀಟರ್ ದೂರದ 4 ಓಮ್ ಬಾಕ್ಸ್‌ಗೆ 1 ಚದರ ಮಿಲಿಮೀಟರ್ ವೈರು ಹಾಕಿದರೆ ಆಂಪ್ ಕೊಟ್ಟದ್ದರಲ್ಲಿ ಸುಮಾರು ಮೂರನೇ ಒಂದು ಪಾಲು ವೈರನ್ನು ಬಿಸಿ ಮಾಡುವುದಕ್ಕೇ ಹೋಗುತ್ತದೆ. 2.5ರ ವೈರು ಹಾಕಿ, ಆರನೇ ಒಂದು ಪಾಲಿಗೆ ಇಳಿಯುತ್ತದೆ. ಆಂಪನ್ನೇ ಬಾಕ್ಸ್ ಹತ್ತಿರ ಇಟ್ಟು ಮಿಕ್ಸರ್‌ನಿಂದ ಉದ್ದದ ಆಡಿಯೋ ಕೇಬಲ್ ಎಳೆದರೆ ಇನ್ನೂ ಒಳ್ಳೆಯದು.

ಶಾಲೆ, ದೇವಸ್ಥಾನಗಳ ಹಾರ್ನ್ ಸ್ಪೀಕರ್‌ಗಳದ್ದು ಬೇರೆ ಕಥೆ. ಅಲ್ಲಿನ ಆಂಪ್ ಹಿಂದೆ 4, 8, 16 ಓಮ್ ಜೊತೆಗೆ 70 ವೋಲ್ಟ್, 100 ವೋಲ್ಟ್ ಅಂತಲೂ ಟರ್ಮಿನಲ್ ಇರುತ್ತದೆ. ದೂರದ ಕಂಬಗಳಲ್ಲಿರುವ ಹಾರ್ನ್‌ಗಳಿಗೆ 100 ವೋಲ್ಟ್ ಲೈನ್ ಒಳ್ಳೆಯದು. ಒಂದೊಂದು ಹಾರ್ನ್‌ಗೂ ಆ ವೋಲ್ಟೇಜನ್ನು ಅದಕ್ಕೆ ತಕ್ಕಂತೆ ಇಳಿಸುವ ಲೈನ್ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ ಇರಬೇಕು, ಎಲ್ಲದರ ವಾಟ್ಸ್ ಕೂಡಿದರೆ ಆಂಪ್‌ನ ವಾಟ್ಸ್ ಮೀರಬಾರದು. ಇಷ್ಟು ಸರಳ. ಟ್ರಾನ್ಸ್‌ಫಾರ್ಮರ್ ಇಲ್ಲದ 8 ಓಮ್ ಹಾರ್ನ್ ಯೂನಿಟ್ಟನ್ನು 100 ವೋಲ್ಟ್ ಟರ್ಮಿನಲ್‌ಗೆ ಕೊಟ್ಟರೆ, ಪೂರ್ತಿ ಸದ್ದಿನಲ್ಲಿ ಅದು 1250 ವಾಟ್ಸ್ ಎಳೆಯಲು ನೋಡುತ್ತದೆ. ಯೂನಿಟ್ಟಿನ ಕಾಯಿಲ್ ಹೋಗುತ್ತದೆ, ಇಲ್ಲ ಆಂಪ್ ಹೋಗುತ್ತದೆ. ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ದಾನಿಗಳು ಕೊಟ್ಟ ಒಳ್ಳೆಯ ಆಂಪ್‌ಗಳು ಹೀಗೇ ಸುಟ್ಟು ಬೀರುವಿನ ಮೇಲೆ ಕೂತಿವೆ. ಮೇಷ್ಟ್ರುಗಳ ತಪ್ಪಲ್ಲ ಇದು, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಕೊಡುವ ದಾನಿಗಳೂ ಅಂಗಡಿಯವರೂ ಅರ್ಧ ಗಂಟೆ ನಿಂತು ಜೋಡಿಸಿ ತೋರಿಸಿ, ಯಾವ ವೈರು ಎಲ್ಲಿಗೆ ಅಂತ ಕನ್ನಡದಲ್ಲಿ ಒಂದು ಚೀಟಿ ಬರೆದು ಆಂಪ್ ಮೇಲೆ ಅಂಟಿಸಿ ಬರಲಿ. 100 ವೋಲ್ಟ್ ಲೈನಿನ ಜಾಯಿಂಟನ್ನು ಮಕ್ಕಳು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಅನ್ನುವುದನ್ನೂ ಆ ಚೀಟಿಯಲ್ಲಿ ಸೇರಿಸಲಿ.

ಆನ್ ಮಾಡುವಾಗ ಮೊದಲು ಮಿಕ್ಸರ್, ಕೊನೆಗೆ ಆಂಪ್. ಆಫ್ ಮಾಡುವಾಗ ಮೊದಲು ಆಂಪ್. ಬಾಕ್ಸ್‌ಗಳಲ್ಲಿ ‘ಧಡ್’ ಅನ್ನುವ ಹೊಡೆತ ತಪ್ಪುತ್ತದೆ.

ಸದ್ದಿನ ಬಗ್ಗೆ 2000ದ ಶಬ್ದ ಮಾಲಿನ್ಯ ನಿಯಮಗಳಿವೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ ಅಂತ ಎಲ್ಲರಿಗೂ ಗೊತ್ತು, ಪೊಲೀಸರೂ ಅದನ್ನು ಕೇಳುತ್ತಾರೆ. ಒಳ್ಳೆಯದೇ. ಅದೇ ಅನುಮತಿ ಪತ್ರದಲ್ಲಿ ಅರ್ಥಿಂಗ್ ಮತ್ತು ಆರ್‌ಸಿಸಿಬಿ ಬಗ್ಗೆಯೂ ಒಂದು ಸಾಲು ಕಡ್ಡಾಯವಾಗಿ ಇರಲಿ ಅನ್ನುವುದು ನನ್ನ ಬೇಡಿಕೆ. ತಾತ್ಕಾಲಿಕ ಸಂಪರ್ಕ ಕೊಡಲು ಬರುವ ಲೈನ್‌ಮ್ಯಾನ್ ಅಲ್ಲೇ ಟೆಸ್ಟ್ ಬಟನ್ ಒತ್ತಿ, ಆರ್‌ಸಿಸಿಬಿ ಬೀಳುತ್ತಾ ನೋಡಿ ಹೋಗಲಿ. ಒಂದು ನಿಮಿಷದ ಕೆಲಸ. ಕಮಿಟಿಯವರಲ್ಲೂ ಒಂದು ಮಾತು. ಸಂಜೆ 6ಕ್ಕೆ ಕಾರ್ಯಕ್ರಮ ಇಟ್ಟು 5ಕ್ಕೆ ಸ್ಟೇಜ್ ಬಿಟ್ಟುಕೊಟ್ಟರೆ ಯಾವ ಹುಡುಗನೂ ಮಿಕ್ಸರ್‌ಗೆ ಬೇರೆ ವೈರು ಎಳೆಯುತ್ತಾ ಕೂರುವುದಿಲ್ಲ, ಸದ್ದು ಬಂದರೆ ಹಸಿರು ವೈರು ಕತ್ತರಿಸಿ ಮುಗಿಸುತ್ತಾನೆ. ಮಧ್ಯಾಹ್ನವೇ ಸ್ಟೇಜ್ ಕೊಡಿ. ಸೌಂಡ್‌ನವರಿಗೆ ಅಡ್ವಾನ್ಸ್ ಕೊಡುವಾಗ ಅವರ ಎಕ್ಸ್‌ಟೆನ್ಷನ್ ಬೋರ್ಡು, ಪ್ಲಗ್ಗುಗಳನ್ನು ಒಮ್ಮೆ ತೋರಿಸಿ ಅಂತ ಕೇಳಿ. ಕೇಳಿದರೆ ನಮ್ಮಲ್ಲಿ ಯಾರೂ ಬೇಜಾರು ಮಾಡಿಕೊಳ್ಳಬಾರದು, ನೀವು ಕೇಳಲು ಸಂಕೋಚ ಪಡಲೂಬಾರದು.

ಇಂತಿ,
ಸೌಂಡ್ ಸಿಸ್ಟಮ್ ಕೆಲಸದ ಒಬ್ಬ ಓದುಗ,
ತಿಪಟೂರು