ಸಪ್ತಾಪುರದ ಇಸ್ತ್ರಿ ಕಾಕಾಗೆ

ಧಾರವಾಡದ ಸಪ್ತಾಪುರದಲ್ಲಿ ಇಸ್ತ್ರಿ ಅಂಗಡಿ ಇಟ್ಟಿರುವ ಕಾಕಾ, ಅವತ್ತು ನಿಮ್ಮ ಹೆಸರು ಕೇಳೋದನ್ನೇ ಮರೆತೆ.

ಎರಡು ತಿಂಗಳು ರಾತ್ರಿ ಕೂತು ಬಾಲ್ಸಾ ಅನ್ನೋ ಹಗುರ ಕಟ್ಟಿಗೆ ಅಂಟಿಸಿ ಕಟ್ಟಿದ ನನ್ನ ಮೊದಲ ರಿಮೋಟ್ ವಿಮಾನ ಅದು. ಉಳಿದದ್ದು ರೆಕ್ಕೆಗೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸೋದು. ಅಂಚನ್ನು ಸುಮಾರು 100 ಡಿಗ್ರಿ ಬಿಸಿಯಲ್ಲಿ ಅಂಟಿಸಬೇಕು, ಆಮೇಲೆ ಬಿಸಿ ಏರಿಸಿದರೆ ಹಾಳೆ ಕುಗ್ಗಿ ಬಿಗಿಯಾಗುತ್ತೆ. ನಮ್ಮ ಮನೆ ಇಸ್ತ್ರಿಪೆಟ್ಟಿಗೆ ಜಾಸ್ತಿ ಕಾದು ಹಾಳೆ ತೂತಾಯಿತು. ಇದ್ದದ್ದು ಇನ್ನೊಂದೇ ತುಂಡು. ಅಳು ಬರೋದೊಂದು ಬಾಕಿ. ಎಲ್ಲಾ ಹಿಡಕೊಂಡು ನಿಮ್ಮ ಅಂಗಡಿಗೆ ಬಂದೆ.

ನೀವು ಬಟ್ಟೆ ಗಂಟು ಪಕ್ಕಕ್ಕೆ ಸರಿಸಿ, ಕೂಸನ್ನು ಎತ್ತಿಕೊಂಡ ಹಾಗೆ ರೆಕ್ಕೆಯನ್ನು ಎರಡೂ ಕೈಯಲ್ಲಿ ತಗೊಂಡಿರಿ. "ರೇಷ್ಮಿ ಸೀರಿ ಇದ್ದಂಗ ಐತಲ್ಲ ತಮ್ಮಾ, ಅವಸರ ಮಾಡಬ್ಯಾಡ" ಅಂದಿರಿ. ಇಸ್ತ್ರಿಪೆಟ್ಟಿಗೆ ತಳಕ್ಕೆ ಹಳೇ ಧೋತರದ ತುಂಡು ಸುತ್ತಿ, ಮೊದಲು ತೂತಾದ ಹಾಳೆಯ ಮೇಲೆ ಒತ್ತಿ ನೋಡಿ, ಒಂದೇ ಕಡೆ ಬಿಗಿದರೆ ರೆಕ್ಕೆ ತಿರುಚುತ್ತೆ ಅಂತ ನಾನು ಹೇಳಿದ್ದಕ್ಕೆ ಮೇಲೊಮ್ಮೆ ಕೆಳಗೊಮ್ಮೆ ನಿಧಾನಕ್ಕೆ ಆಡಿಸಿದಿರಿ. ಸುಕ್ಕು ಒಂದೊಂದೇ ಮಾಯವಾಗೋದು ನೋಡಿ ನನಗೆ ಹೋದ ಜೀವ ಬಂದಂಗಾಯಿತು.

ದುಡ್ಡು ಕೊಡಲು ಬಂದರೆ "ಮೊದಲ ಹಾರಸು" ಅಂದಿರಿ. ಭಾನುವಾರ ಹಾರಿಸುತ್ತೇನೆ ಕಾಕಾ, ಸಂಜೆ ಅಂಗಡಿಗೇ ತರುತ್ತೇನೆ. ತುಂಬಾ ಥ್ಯಾಂಕ್ಸ್.